ಕರುಳು ಚುರುಕ್ಕೆನ್ನುವ ಅರ್ಜಿ

ಹನೂರಿನ ತಾಲ್ಲೂಕು ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ಮಡಚುವ ಮೇಜು ಹಾಕಿಕೊಂಡು ಅರ್ಜಿ ಬರೆಯುವ ಶಿವನಂಜಯ್ಯನನ್ನು ಕೇಳಿ ನೋಡಿ, ಒಳ್ಳೆಯ ಕಾಗದ ಬರೆಯುವುದು ಹೇಗೆ ಅಂತ. ಈಗ ಕೇಳಿದರೆ ಮಾತು ತಿರುಗಿಸುತ್ತಾನೆ. ಹೋದ ವರ್ಷ ಕೇಳಿದ್ದರೆ ನಿಮ್ಮ ಕೈಯಲ್ಲಿರುವ ಟೀ ತಣ್ಣಗಾಗುವವರೆಗೂ ಬಿಡುತ್ತಿರಲಿಲ್ಲ.

ಪಾಪ, ಅವನಿಗೆ ಗೊತ್ತಿಲ್ಲದ ಕಾಗದವಿರಲಿಲ್ಲ. ಕೊಳ್ಳೇಗಾಲದಲ್ಲಿ ಟೈಪಿಂಗ್ ಕಲಿತು, ಆ ಟೈಪಿಂಗ್ ಶಾಲೆ ಬಾಗಿಲು ಹಾಕಿದ ಮೇಲೆ ಹನೂರಿಗೆ ಬಂದು ಕೂತವನು. ಸುಟ್ಟುಹೋದ ಪಂಪ್‌ಸೆಟ್ ಬದಲಾಯಿಸಿಕೊಡಿ ಎಂದು ಅಂಗಡಿಯವರಿಗೆ ಬರೆಯುವಾಗ ಮೊದಲ ಸಾಲಿನಲ್ಲೇ ಏನು ಬೇಕೆಂದು ಹೇಳಿಬಿಡಬೇಕು, ತಾರೀಖು ಇರಬೇಕು, ಬೈಗುಳ ಇರಬಾರದು ಎನ್ನುತ್ತಿದ್ದ. ಮುನಿಸಿಕೊಂಡ ನೆಂಟರಿಗೆ ಬರೆದರೆ ಮೊದಲು ಕ್ಷೇಮ ಸಮಾಚಾರ, ಆಮೇಲೆ ವಿಷಯ, ಕೊನೆಗೆ ಅವರ ಮಕ್ಕಳನ್ನೆಲ್ಲ ಹೆಸರು ಹಿಡಿದು ವಿಚಾರಿಸಬೇಕು. ಅರ್ಜಿಯದು ಮಾತ್ರ ಬೇರೆಯೇ ದಾರಿ. ಅದನ್ನು ಓದಿದವರ ಕರುಳು ಚುರುಕ್ಕೆನ್ನಬೇಕು.

ಚುರುಕ್ಕೆನ್ನಿಸುವುದರಲ್ಲಿ ಈ ಮನುಷ್ಯ ಎತ್ತಿದ ಕೈ. ಗಟ್ಟಿಮುಟ್ಟಾದ ಹೆಂಚಿನ ಮನೆ ಅವನ ಪೆನ್ನಿನಲ್ಲಿ ಸೋರುವ ಗುಡಿಸಲಾಗುತ್ತಿತ್ತು. ಮಂಡಿನೋವು ಹಾಸಿಗೆ ಹಿಡಿಸುವ ಕಾಯಿಲೆಯಾಗುತ್ತಿತ್ತು. ಹೆಣ್ಣುಮಗುವಿಗೆ ಹಾಸ್ಟೆಲ್ ಸೀಟು ಬೇಕೆಂದರಂತೂ ಕೇಳುವುದೇ ಬೇಡ, ತಂದೆ ಕುಡುಕನಾಗಲೇಬೇಕು. ನಿಜವೋ ಸುಳ್ಳೋ ಅಂತ ಅವನು ವಿಚಾರಿಸುತ್ತಿರಲಿಲ್ಲ. ಬರೆದದ್ದನ್ನು ಓದಿ ಹೇಳುವ ಪದ್ಧತಿಯನ್ನೂ ಯಾವತ್ತೋ ಬಿಟ್ಟಿದ್ದ. ಕೆಲಸವಾಗುತ್ತಿತ್ತಲ್ಲ, ಯಾರೂ ತಕರಾರು ಮಾಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಕಾಡಂಚಿನ ಹಳ್ಳಿಯೊಂದರಿಂದ ಪುಟ್ಟಮಾದಮ್ಮ ಬಂದಳು. ಮಗಳು ಧನುಶ್ರೀ ಹತ್ತನೇ ಕ್ಲಾಸು ಪಾಸಾಗಿದ್ದಳು, ಮುಂದಕ್ಕೆ ಓದುತ್ತೇನೆಂದು ಹಟ ಹಿಡಿದಿದ್ದಳು. ಊರಿಗೆ ಸಂಜೆಯ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕತ್ತಲಲ್ಲಿ ಆನೆ ಓಡಾಡುವ ದಾರಿ. ಯಳಂದೂರಿನಲ್ಲಿ ಧರ್ಮಾತ್ಮರು ಯಾರೋ ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲ್ಲಿದೆಯಂತೆ, ಅಲ್ಲಿ ಸೀಟು ಸಿಕ್ಕಿದರೆ ಓದು, ಇಲ್ಲದಿದ್ದರೆ ಮದುವೆ. ಆನೆಯ ದಾರಿಯೊಂದನ್ನೇ ಬರೆದಿದ್ದರೂ ಸಾಕಾಗುತ್ತಿತ್ತು. ಆದರೆ ಶಿವನಂಜಯ್ಯನ ಕೈ ಸುಮ್ಮನಿರಬೇಕಲ್ಲ! ತಂದೆ ದೊಡ್ಡಮಾದಪ್ಪ ದಿನವೂ ಕುಡಿದು ಬಂದು ಹೆಂಡತಿ ಮಕ್ಕಳನ್ನು ಬಡಿಯುತ್ತಾನೆ, ಮಗುವಿನ ಪುಸ್ತಕವನ್ನು ಒಲೆಗೆ ಹಾಕಿದ್ದಾನೆ ಎಂದು ಬರೆದ. ಪುಸ್ತಕದ ಸಾಲು ಹೊಳೆದಾಗ ಅವನಿಗೇ ಖುಷಿಯಾಯಿತು. ಸೈನ್ ಹಾಕಮ್ಮ ಎಂದ. ಅವಳು ಅಕ್ಷರ ಕೂಡಿಸಿಕೊಂಡು ಹೆಸರು ಬರೆದು, ಕೈ ಮುಗಿದು ಹೋದಳು.

ಸೀಟು ಸಿಕ್ಕಿತು ಎಂಬ ಸುದ್ದಿಯೂ ಬಂತು. ಶಿವನಂಜಯ್ಯ ಪಕ್ಕದ ಟೀ ಅಂಗಡಿಯ ರಾಜಣ್ಣನಿಗೆ ಆ ಪುಸ್ತಕದ ಸಾಲನ್ನು ಬಾಯಿಪಾಠ ಒಪ್ಪಿಸಿ, ಹೆಂಗೆ ಅಂತ ಮೀಸೆ ತಿರುವಿದ.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ, ಹಣೆ ತುಂಬ ವಿಭೂತಿ ಬಳಿದುಕೊಂಡ ಒಬ್ಬ ಮನುಷ್ಯ ಬಂದು ಮೇಜಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಸ್ಟೂಲ್ ತೋರಿಸಿದರೂ ಕೂರಲಿಲ್ಲ. ತಾನು ಧನುಶ್ರೀಯ ಅಪ್ಪ, ದೊಡ್ಡಮಾದಪ್ಪ ಎಂದ. ಶಿವನಂಜಯ್ಯ ಥ್ಯಾಂಕ್ಸ್ ಹೇಳಲು ಬಂದವನೆಂದುಕೊಂಡು ನಗುತ್ತ ರಾಜಣ್ಣನಿಗೆ ಎರಡು ಟೀ ಹೇಳಿದ.

ಟೀ ಬೇಡ ಎಂದು ದೊಡ್ಡಮಾದಪ್ಪ ನಿಧಾನವಾಗಿ ಹೇಳತೊಡಗಿದ. ಅವನು ಮಲೆ ಮಾದಪ್ಪ ದೇವರ ಒಕ್ಕಲು. ಹೆಂಡ ಹಾಗಿರಲಿ, ಬೀಡಿಯನ್ನೂ ಮುಟ್ಟಿದವನಲ್ಲ. ಸೀಟು ಕೊಡುವ ದಿನ ಮಗಳನ್ನು ಕರೆದುಕೊಂಡು ಹೋಗಿದ್ದವನು ಅವನೇ. ಹತ್ತಾರು ಹಳ್ಳಿಯ ತಂದೆ ತಾಯಂದಿರು ಕೂತಿದ್ದ ಹಾಲ್‌ನಲ್ಲಿ ವಾರ್ಡನ್ ಅಮ್ಮ ಕಾಗದವನ್ನು ಗಟ್ಟಿಯಾಗಿ ಓದಿ, ಇದು ನೀವೇನಾ ಎಂದು ಕೇಳಿದರಂತೆ. ಮಗಳು ಬಾಯಿ ತೆರೆದಳು. ಅವನು ಅವಳ ಕೈ ಅದುಮಿದ. ಕಾಗದ ಸುಳ್ಳೆಂದರೆ ಸೀಟು ಪಕ್ಕದ ಹುಡುಗಿಗೆ ಹೋಗುತ್ತದೆ. ಯೋಚನೆ ಮಾಡಲು ಹೊತ್ತಾದರೂ ಎಲ್ಲಿತ್ತು?

"ನಾನೇ ಕಣವ್ವ ಅಂದ್ಬುಟ್ಟೆ ಸಾ," ಎಂದ ದೊಡ್ಡಮಾದಪ್ಪ.

ಶಿವನಂಜಯ್ಯನ ನಗು ಮುಖದಲ್ಲಿ ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತಿತ್ತು. ಅವನಿಗೆ ಆ ಸಾಲು ನೆನಪಾಯಿತು. ಒಲೆಗೆ ಹಾಕಿದ ಪುಸ್ತಕ! ಅದನ್ನೂ ಓದಿದರಾ ಎಂದು ಕೇಳಲು ಬಾಯಿ ಬರಲಿಲ್ಲ. ಕೇಳದಿದ್ದರೂ ಉತ್ತರ ಬಂತು. ಹಾಲ್‌ನಲ್ಲಿ ಒಬ್ಬ ಹೆಂಗಸು ಥೂ ಎಂದಳಂತೆ. ಅವರ ಊರಿನವರೇ ಒಬ್ಬರು ಅಲ್ಲಿದ್ದರಂತೆ, ಈಗ ಊರಲ್ಲಿ ಕದ್ದು ಕುಡಿಯುವ ಮಾದಪ್ಪ ಎಂಬ ಹೆಸರು ಬಿದ್ದಿದೆಯಂತೆ. ಅದೆಲ್ಲ ಹೋಗಲಿ ಬಿಡಿ ಎಂದ ಪುಣ್ಯಾತ್ಮ. ಬೈದಿದ್ದರೆ ಶಿವನಂಜಯ್ಯನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಅವನು ಬಂದದ್ದು ಬೇರೆ ಕೆಲಸಕ್ಕೆ. ವಾರ್ಡನ್ ಅಮ್ಮ ಒಳ್ಳೆಯವರೇ. ಕುಡಿಯುವ ಅಪ್ಪಂದಿರು ಬಂದು ಗಲಾಟೆ ಮಾಡಿದ್ದನ್ನು ಕಂಡವರು. ಅದಕ್ಕೇ ತಾಯಿ ಬೇಕಾದರೆ ಬರಲಿ, ನೀವು ಗೇಟಿನ ಹತ್ತಿರವೂ ಬರಬೇಡಿ ಎಂದುಬಿಟ್ಟಿದ್ದರು. ಭಾನುವಾರ ಎಲ್ಲರ ಅಪ್ಪಂದಿರೂ ಒಳಗೆ ಹೋಗುವಾಗ ಇವನು ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿಕೊಂಡು ಹೋಗಿ, ಎದುರಿನ ಸೈಕಲ್ ಅಂಗಡಿಯ ಹತ್ತಿರ ನಿಂತು ಬರುತ್ತಿದ್ದ. ಮಗಳು ಕಿಟಕಿಯಲ್ಲಿ ನಿಂತು ಅಳುತ್ತಿದ್ದಳು.

ಶಿವನಂಜಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಾನೇ ಈಗಲೇ ಯಳಂದೂರಿಗೆ ಬರುತ್ತೇನೆ, ವಾರ್ಡನ್ ಅಮ್ಮನ ಕಾಲಿಗೆ ಬಿದ್ದು ಎಲ್ಲ ನಂದೇ ತಪ್ಪು ಎಂದು ಹೇಳುತ್ತೇನೆ ಎಂದು ಎದ್ದು ಮೇಜು ಮಡಚಲು ಹೋದ. ದೊಡ್ಡಮಾದಪ್ಪ ಮೇಜು ಹಿಡಿದುಕೊಂಡ.

"ಬ್ಯಾಡಿ ಸಾ. ಕಾಗ್ದ ಸುಳ್ಳು ಅಂತ ಗೊತ್ತಾದ್ರೆ ಮಗೀನ ಆಚ್ಗೆ ಕಳುಸ್ಬುಟ್ಟಾರು. ನಾನು ಕುಡ್ಕನಾಗೇ ಇರ್ತೀನಿ. ಇನ್ನೊಂದ್ ಕಾಗ್ದ ಬರ್ಕೊಡಿ, ಕುಡಿಯೋದು ಬುಟ್ಬುಟ್ಟವ್ನೆ ಅಂತ."

ಶಿವನಂಜಯ್ಯ ಬಿಳಿ ಹಾಳೆ ತೆಗೆದ. ಅಷ್ಟು ವರ್ಷ ಓಡಿದ ಕೈಗೆ ಅವತ್ತು ವಿಳಾಸ ಬರೆಯಲೂ ಕಷ್ಟವಾಯಿತು. ಕರುಳಿಗೆ ಕೈ ಹಾಕುವ ಮಾತು ಒಂದನ್ನೂ ಬರೆಯಲಿಲ್ಲ. ಒಂದೊಂದು ಸಾಲು ಬರೆದು, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ ಹೇಳಿದ. ನನ್ನ ಮಗಳನ್ನು ನೋಡಲು ಅನುಮತಿ ಕೊಡಬೇಕು. ಸರಿ ಸಾ, ಎಂದ ದೊಡ್ಡಮಾದಪ್ಪ. ಗೇಟಿನ ಹತ್ತಿರ ಮರ್ಯಾದೆಯಿಂದ ನಡೆದುಕೊಳ್ಳುತ್ತೇನೆ. ಅದಕ್ಕೂ ಸರಿ ಸಾ ಎಂದ. ನಾನು ಕುಡಿಯುವುದನ್ನು ಬಿಟ್ಟು, ಎಂಬಲ್ಲಿಗೆ ಬಂದಾಗ ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತು.

ಬರೆಯುವವನಿಗೆ ಏನೋ ತೋಚುತ್ತಿಲ್ಲವೆಂದು ದೊಡ್ಡಮಾದಪ್ಪ ತಾನೇ ಯೋಚಿಸಿದ. ಸಹಾಯ ಮಾಡುವವನ ಹಾಗೆ ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದ.

"ಬುಟ್ಟು ಎಷ್ಟ್ ತಿಂಗ್ಳಾಯ್ತು ಅಂತ ಬರುದ್ರೆ ನಂಬ್ತಾರೆ ಸಾ?"