ಸೊಪ್ಪಿನ ಕೋಣೆಯಲ್ಲಿ ಒಂದು ಕಾಲರ್ ಮೈಕ್

ಮೈಕ್ ಕೊಳ್ಳುವ ಮೊದಲು ಹನ್ನೊಂದು ದಿನ ನಾನು ಬೇರೆಯವರ ಅಭಿಪ್ರಾಯಗಳನ್ನು ಓದಿದೆ. ಒಂದೇ ಮೈಕಿನ ಬಗ್ಗೆ ನಲವತ್ತು ಜನ ಬರೆದದ್ದನ್ನು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ವಿಂಗಡಿಸಿದೆ. ಚೆನ್ನಾಗಿದೆ ಎಂದವರು ಇಪ್ಪತ್ತಾರು. ಅವರಲ್ಲಿ ಒಂಬತ್ತು ಜನರ ವಾಕ್ಯ ಒಂದಕ್ಷರವೂ ಬದಲಾಗದಂತೆ ಒಂದೇ ಆಗಿತ್ತು, ತಪ್ಪು ಕಾಗುಣಿತವೂ ಸೇರಿ. ಆ ಮೈಕನ್ನು ಪಟ್ಟಿಯಿಂದ ಹೊಡೆದುಹಾಕಿದೆ.

ನಾನು ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ತಯಾರಾದ ಭಾಗಗಳನ್ನು ಪರೀಕ್ಷಿಸುವ ವಿಭಾಗದಲ್ಲಿದ್ದೇನೆ. ಬೆಳಿಗ್ಗೆ ಆರರಿಂದ ಎರಡರವರೆಗೆ ನನಗೆ ಸಂಬಳ ಕೊಡುವುದೇ ಅನುಮಾನಪಡಲು. ಆ ಅಭ್ಯಾಸವನ್ನು ಗೇಟಿನ ಬಳಿ ಬಿಟ್ಟು ಬರಲು ನನಗೆ ಇನ್ನೂ ಬಂದಿಲ್ಲ.

ಪಾಡ್‌ಕಾಸ್ಟ್ ಮಾಡಬೇಕೆನಿಸಿದ್ದು ದೊಡ್ಡಮ್ಮನಿಂದ. ನಮ್ಮ ಸುತ್ತಲಿನ ಊರುಗಳಲ್ಲಿ ರೇಷ್ಮೆ ಸಾಕುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಬಾಗಿಲಾಚೆ ನಿಂತು, ಹುಳ ಸೊಪ್ಪು ತಿನ್ನುವ ಸದ್ದು ಕೇಳಿಯೇ ಅವು ಹೇಗಿವೆ ಎಂದು ಹೇಳುವವಳು ದೊಡ್ಡಮ್ಮ ಒಬ್ಬಳೇ. ಅವಳ ಮಾತನ್ನು ಹತ್ತು ಕಂತುಗಳಲ್ಲಿ ಹಿಡಿದಿಡಬೇಕು ಎಂಬುದು ನನ್ನ ಲೆಕ್ಕ. ಒಪ್ಪಿಸಲು ಎರಡು ವಾರ ಬೇಕಾಯಿತು.

"ಇದು ಎಲ್ಲಿಗೆ ಹೋಯ್ತದೆ?" ಎಂದು ಕೇಳಿದಳು.

"ಎಲ್ಲರ ಫೋನಿಗೂ ಹೋಗುತ್ತೆ ದೊಡ್ಡವ್ವ. ಕೇಳಬೇಕು ಅನ್ನಿಸಿದವರು ಕೇಳ್ತಾರೆ."

"ನಾನು ಒಂದು ಅಂದಿದ್ನ ಅವ್ರು ಇನ್ನೊಂದು ಅಂತ ಸೇರ್ಸ್‌ಬುಟ್ರೆ? ಜಮೀನು ಬುಟ್ಕೊಡ್ತೀನಿ ಅಂತ ನನ್ ಬಾಯಲ್ಲೇ ಅನ್ಸುದ್ರೆ?"

ನಮ್ಮ ಕಡೆ ಇದು ತಮಾಷೆಯ ಮಾತಲ್ಲ. ಕೈಗಾರಿಕಾ ಪ್ರದೇಶ ಬೆಳೆಯುತ್ತಿರುವ ಕಡೆ ಯಾರು ಫೋನ್ ಎತ್ತಿ ಹಿಡಿದರೂ ಜನ ಮೊದಲು ಬಾಯಿ ಮುಚ್ಚುತ್ತಾರೆ. ಯಾವುದನ್ನೂ ಅವಳಿಗೆ ಕೇಳಿಸದೆ ಹೊರಗೆ ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಅವಳು ಇನ್ನೊಂದು ಷರತ್ತು ಹಾಕಿದಳು: ರೆಕಾರ್ಡಿಂಗ್ ಏನಿದ್ದರೂ ಈ ಬೆಳೆಯಲ್ಲೇ ಮುಗಿಯಬೇಕು. ಕಾರಣ ನನಗೆ ಗೊತ್ತಿತ್ತು. ಹಿಂದಿನ ಬೆಳೆ ಹಾಲುತೊಂಡೆ ರೋಗ ಬಂದು ಪೂರ್ತಿ ಹೋಗಿತ್ತು. ಇದೂ ಕೈಕೊಟ್ಟರೆ ಹಿಪ್ಪುನೇರಳೆ ಕಿತ್ತು ತೆಂಗು ಹಾಕುವುದೆಂದು ದೊಡ್ಡಪ್ಪ ತೀರ್ಮಾನಿಸಿದ್ದರು. ತೆಂಗಿನ ತೋಟದಲ್ಲಿ ದೊಡ್ಡಮ್ಮನಿಗೆ ಮಾಡಲು ಕೆಲಸವೇ ಇರುವುದಿಲ್ಲ. ಹುಳದ ಮನೆಯೇ ಅವಳ ಕಚೇರಿ, ಅವಳ ಅಧಿಕಾರ.

ನನ್ನ ಮಿತಿ ಸಾವಿರದ ಐನೂರು ರೂಪಾಯಿ. ಮೇಜಿನ ಮೇಲೆ ನಿಲ್ಲುವ ದೊಡ್ಡ ಮೈಕ್ ಆ ಮಿತಿ ದಾಟುತ್ತಿತ್ತು. ಸಾಲದ್ದಕ್ಕೆ ಅದು ಕೋಣೆಯ ಪ್ರತಿಯೊಂದು ಸದ್ದನ್ನೂ ಎಳೆದುಕೊಳ್ಳುತ್ತದೆ. ವೈರಿಲ್ಲದ ಜೋಡಿ ಮೈಕು ಆರು ಗಂಟೆ ಬಾಳುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ರಾಮನಗರದ ಮೊಬೈಲ್ ಅಂಗಡಿಯವನು ನಾಲ್ಕು ಎಂದ. ಮೂರು ಬಾರಿ ಕೇಳಿದ ಮೇಲೆ "ಒಂದೂವರೆ ಗ್ಯಾರಂಟಿ ಮೇಡಂ" ಎಂದ. ಉಳಿದದ್ದು ಸೀರೆಯ ಸೆರಗಿಗೆ ಸಿಕ್ಕಿಸುವ ವೈರಿನ ಕಾಲರ್ ಮೈಕ್.

ಅದನ್ನೂ ಹಾಗೇ ನಂಬಲಿಲ್ಲ. ಪ್ಲಗ್‌ನಲ್ಲಿ ಮೂರು ಕಪ್ಪು ಗೆರೆ ಇದ್ದರೆ ಫೋನಿಗೆ ಆಗುತ್ತದೆ, ಎರಡಿದ್ದರೆ ಕ್ಯಾಮೆರಾಕ್ಕೆ. ಅಂಗಡಿಯವನು ಕೊಟ್ಟದ್ದರಲ್ಲಿ ಎರಡೇ ಇದ್ದವು. ಅದನ್ನು ಸಿಕ್ಕಿಸಿ ಮಾತನಾಡಿ ತೋರಿಸಿದ, ದನಿ ಬಂತು. ನಾನು ಮೈಕಿನ ತಲೆಯನ್ನು ಉಗುರಿನಿಂದ ಕೆರೆದೆ. ಕೆರೆದ ಸದ್ದು ಬರಲಿಲ್ಲ. ಫೋನು ತನ್ನದೇ ಮೈಕಿನಿಂದ ಕೇಳಿಸಿಕೊಳ್ಳುತ್ತಿತ್ತು.

"ಎಲ್ಲಿ ಕಲ್ತ್ರಿ ಮೇಡಂ ಇದ್ನ? ನಂಗೇ ಗೊತ್ತಿರ್ನಿಲ್ಲ ಕಣ್ರೀ," ಎಂದು ಅವನು ಒಳಗಿನಿಂದ ಮೂರು ಗೆರೆಯದನ್ನು ತಂದ. ಗೊತ್ತಿರಲಿಲ್ಲವೋ ಗೊತ್ತಿತ್ತೋ, ಇವತ್ತಿಗೂ ನನಗೆ ಖಚಿತವಿಲ್ಲ.

ಮುಂದಿನ ಪ್ರಶ್ನೆ ಜಾಗದ್ದು. ಅರ್ಧ ಗಂಟೆ ನಡುಮನೆಯಲ್ಲಿ ಕುಳಿತು ಎಣಿಸಿದೆ: ಕುಕ್ಕರ್ ನಾಲ್ಕು ಸಲ, ಬೈಕ್ ಹನ್ನೊಂದು, ಕಂಪನಿ ಬಸ್ಸಿನ ಹಾರ್ನ್ ಮೂರು, ಪಕ್ಕದ ಮನೆಯ ಟಿವಿ ಪೂರ್ತಿ ಅರ್ಧ ಗಂಟೆ. ಊರಾಚೆ ಹೊಲದಲ್ಲಿರುವ ಹುಳದ ಮನೆಯ ಮುಂಭಾಗಕ್ಕೆ ಒಂದು ಸಣ್ಣ ಕೋಣೆಯಿದೆ. ಬೆಳಿಗ್ಗೆ ಕಿತ್ತು ತಂದ ಸೊಪ್ಪನ್ನು ಸಂಜೆಯ ಹೊತ್ತಿಗೆ ಬಾಡದಂತೆ ಒದ್ದೆ ಗೋಣಿಯಡಿ ಇಡುವುದು ಅಲ್ಲಿ. ಅಲ್ಲಿಯ ಅರ್ಧ ಗಂಟೆಗೆ ನವಿಲು ಎರಡು ಸಲ, ಮತ್ತೇನಿಲ್ಲ. ಹುಳ ಇರುವ ಕೋಣೆಗೂ ಇದಕ್ಕೂ ನಡುವೆ ಬಲೆಯ ಬಾಗಿಲು ಮಾತ್ರ. ಒಳಗೆ ಹೊರಗಿನವರನ್ನು ಬಿಡುವುದಿಲ್ಲ. ಮನೆಯವರೂ ಬ್ಲೀಚಿಂಗ್ ಪುಡಿ ತುಳಿದು, ಕೈ ತೊಳೆದು ಹೋಗಬೇಕು. ಸೊಪ್ಪಿನ ಕೋಣೆಗೆ ಅಷ್ಟು ಕಟ್ಟುನಿಟ್ಟಿಲ್ಲ.

ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದದ್ದು ಗುರುವಾರ. ಮೊದಲ ರೆಕಾರ್ಡಿಂಗ್ ಶುಕ್ರವಾರ, ಸಂಜೆ ನಾಲ್ಕಕ್ಕೆ, ಸೊಪ್ಪು ಹಾಕುವ ಹೊತ್ತಿಗೆ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಆ್ಯಪ್ ತಾನಾಗಿ ಆರಿಸಿಕೊಂಡಿದ್ದ ಎಂಪಿತ್ರೀಯನ್ನು ಬದಲಿಸದೆ, ಗದ್ದಲ ಕಡಿಮೆ ಮಾಡುವ ಗುಂಡಿಯನ್ನೂ ಒತ್ತಿ ಹತ್ತು ನಿಮಿಷ ಹಿಡಿದೆ. ದೊಡ್ಡಮ್ಮ ಇಯರ್‌ಫೋನ್ ಹಾಕಿಕೊಂಡು ಕೇಳಿದಳು. ಮುಖ ಗಂಟಿಕ್ಕಿದಳು.

"ನಾನೇನೋ ಇವ್ನಿ. ಹುಳ ಎಲ್ಲೋದ್ವು?"

ನಿಜ. ಅವಳ ಮಾತಿನ ಹಿಂದೆ ಇರಬೇಕಾದ, ಸಾವಿರಾರು ಹುಳ ಎಲೆ ಕತ್ತರಿಸುವ ಆ ಸೋನೆಯಂಥ ಸದ್ದನ್ನು ಆ್ಯಪ್ ಕಸ ಎಂದು ತಿಳಿದು ಗುಡಿಸಿ ಎಸೆದಿತ್ತು. ಕಡಿಮೆ ಜಾಗದಲ್ಲಿ ತುಂಬಿಸಲು ಎಂಪಿತ್ರೀ ಕೂಡ ಏನನ್ನೋ ಬಿಡುತ್ತದೆ, ಏನನ್ನು ಬಿಡಬೇಕೆಂದು ನನ್ನನ್ನು ಕೇಳುವುದಿಲ್ಲ. ಅಂದಿನಿಂದ ಗುಂಡಿ ಬಂದ್. ಗಂಟೆಗೆ ಮುನ್ನೂರು ಎಂಬಿ ತಿಂದರೂ ಪರವಾಗಿಲ್ಲ ಎಂದು, ಬಂದ ಸದ್ದನ್ನು ಬಂದ ಹಾಗೇ ಇಡುವ ವೇವ್ ಫೈಲನ್ನೇ ಆರಿಸಿಕೊಂಡೆ. ಜಾಗಕ್ಕಾಗಿ ಫೋನಿನಿಂದ ಇನ್ನೂರ ಹದಿನಾಲ್ಕು ಫೋಟೋ ಅಳಿಸಿದೆ.

ಒಂದು ತೊಂದರೆ ಉಳಿಯಿತು. ಸೊಪ್ಪಿನ ಕೋಣೆಯ ಬೋಳು ಗೋಡೆ, ತಗಡಿನ ಚಾವಣಿಗೆ ಮಾತು ಬಡಿದು ಮೊಳಗುತ್ತಿತ್ತು. ಗೋಡೆಗೆ ಅಂಟಿಸುವ ಫೋಮ್ ಹಾಳೆಗೆ ನನ್ನಲ್ಲಿ ಹಣ ಉಳಿದಿರಲಿಲ್ಲ. ದಪ್ಪ ಕಂಬಳಿ ತೂಗುಹಾಕಿದರೂ ಸಾಕೆಂದು ಓದಿದ್ದೆ. ಶನಿವಾರ ಮಧ್ಯಾಹ್ನ ನಮ್ಮ ಮನೆಯ ಟ್ರಂಕಿನಿಂದ ಎರಡು ಕಂಬಳಿ ತೆಗೆದು, ಒಂದು ಗಂಟೆ ಬಿಸಿಲಿಗೆ ಹಾಕಿ, ಸೊಪ್ಪಿನ ರಾಶಿಯ ಮೇಲ್ಗಡೆ ಗೋಡೆಗೆ ಇಳಿಬಿಟ್ಟೆ. ಆ ಸಂಜೆ ದೊಡ್ಡಮ್ಮನ ದನಿ ರೇಡಿಯೋದವರ ದನಿಯಂತೆ ಬಂತು. ಭಾನುವಾರ ಅದಕ್ಕಿಂತ ಚೆನ್ನಾಗಿ ಬಂತು. ಅವಳು ಮೈಕಿನ ಮುಂದೆ ನಗುತ್ತ ಮಾತನಾಡುತ್ತಿದ್ದಳು; ಸೊಪ್ಪು ಹಾಕುತ್ತಿದ್ದದ್ದು ದೊಡ್ಡಪ್ಪ.

ಮಂಗಳವಾರ ನಾನು ಕೆಲಸದಿಂದ ಬರುವಾಗ ಹೊಲದ ಬದುವಿನ ಮೇಲೆ ಜಗಳ ನಡೆಯುತ್ತಿತ್ತು. ಹುಳ ಸೊಪ್ಪಿನಿಂದ ತಲೆ ಎತ್ತಿ ಆಡಿಸುತ್ತಿದ್ದವು, ಕೆಲವು ಹಸಿರು ನೀರು ಕಾರಿದ್ದವು. ಪಕ್ಕದ ಹೊಲದಲ್ಲಿ ಹುರುಳಿಕಾಯಿ ಬೆಳೆಯುವವರನ್ನು ನಾನು ಮಾವ ಎನ್ನುತ್ತೇನೆ. ಅವರು ಸೋಮವಾರ ಔಷಧಿ ಸಿಂಪಡಿಸಿದ್ದರು.

"ಏನ್ಲಾ, ನಮ್ ಕಡೆ ಗಾಳಿ ಬೀಸೋವಾಗ್ಲೇ ಹೊಡೀಬೇಕಾಗಿತ್ತಾ ನಿಂಗೆ?" ದೊಡ್ಡಮ್ಮ ಕೂಗುತ್ತಿದ್ದಳು.

"ಗಾಳಿ ಆ ಕಡೆ ಇತ್ತು ಕಣಕ್ಕ! ನಿನ್ ಹುಳ ಕೆಡ್ಸಿ ನಂಗೇನ್ ಬಂದಾತು?"

"ನಾಳಿಕ್ಕೆ ನಾಲ್ಕ್ ಜನನ ಕರುಸ್ತೀನಿ. ಅವ್ರ್ ಮುಂದೆ ಹೇಳು ಗಾಳಿ ಯಾವ್ ಕಡೆ ಇತ್ತು ಅಂತ."

ನನಗೂ ಮಾವನ ಮೇಲೆಯೇ ಅನುಮಾನ ಬಂತು. ಆದರೆ ದೊಡ್ಡಮ್ಮ ಆಮೇಲೆ ಒಳಗೆ ಹೇಳಿದ ಒಂದು ಮಾತು ಲೆಕ್ಕಕ್ಕೆ ಕೂಡಲಿಲ್ಲ: "ಬೆಳಿಗ್ಗೆ ತಿಂತವೆ, ಸಂಜೆ ಹಾಕುದ್ರೆ ಮೂತಿ ತಿರುವ್ತವೆ." ಗಾಳಿಯಲ್ಲಿ ಬಂದ ವಿಷ ಹೊತ್ತು ನೋಡಿ ಕೂರುತ್ತದೆಯೇ?

ಬುಧವಾರ ಕಂಪನಿ ಬಸ್ಸಿನಲ್ಲಿ ಬರುತ್ತ ಫೈಲುಗಳನ್ನು ಕೇಳಿದೆ. ಶನಿವಾರದ್ದರಲ್ಲಿ ಅವಳ ಮಾತಿನ ಹಿಂದೆ ಸೋನೆ ಚೆನ್ನಾಗಿ ಹಿಡಿದಿತ್ತು. ಭಾನುವಾರದ್ದರಲ್ಲಿ ಮಳೆ ಬಿಟ್ಟ ಮೇಲೆ ಸೂರಿನಿಂದ ತೊಟ್ಟಿಕ್ಕುವಷ್ಟು. ಮೈಕ್ ಅದೇ, ಸೆರಗಿನ ಜಾಗ ಅದೇ, ಕಂಬಳಿ ಎರಡೂ ದಿನ ಅಲ್ಲೇ ಇತ್ತು. ನನ್ನ ಕಿವಿಯನ್ನು ನಾನು ನಂಬಲಿಲ್ಲ. ಬಸ್ಸಿಳಿದು ನೇರ ಸೊಪ್ಪಿನ ಕೋಣೆಗೆ ಹೋಗಿ, ಯಾವ ದಿನದ್ದೆಂದು ಹೇಳದೆ ಎರಡನ್ನೂ ದೊಡ್ಡಮ್ಮನಿಗೆ ಕೇಳಿಸಿದೆ.

ಮೊದಲನೆಯದಕ್ಕೆ ತಲೆಯಾಡಿಸಿದಳು. ಎರಡನೆಯದಕ್ಕೆ ಇಯರ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಹಿಂದ್ಲವು ಉಂಡ್ವಪ್ಪ. ಇವು ಎಲೆ ಮೇಲೆ ಸುಮ್ಕೆ ಹರಿದಾಡ್ತಾ ಅವೆ, ಬಾಯ್ ಹಾಕ್ತಿಲ್ಲ. ಇದು ನಿನ್ನೇದಾ?"

"ಅಲ್ಲ ದೊಡ್ಡವ್ವ. ಭಾನುವಾರದ್ದು."

ಅವಳು ಇಯರ್‌ಫೋನ್ ಕಿತ್ತು ಮಡಿಲಿಗೆ ಹಾಕಿಕೊಂಡಳು. "ಅವ್ನು ಔಷಧಿ ಹೊಡ್ದಿದ್ದು ಸೋಮವಾರ," ಎಂದಳು. "ಭಾನುವಾರ ನಾನು ಇಲ್ಲೇ ಕುಂತಿದ್ನಲ್ಲೇ. ಇಷ್ಟು ಹತ್ರ. ನಂಗ್ಯಾಕ್ ಕೇಳ್ನಿಲ್ಲ?"

ಉತ್ತರ ನನಗೆ ಗೊತ್ತಿತ್ತು. ಅವಳು ಮಾತನಾಡುತ್ತಿದ್ದಳು, ನನಗಾಗಿ.

ಬೆಳಿಗ್ಗೆಯ ಸೊಪ್ಪು ತೋಟದಿಂದ ನೇರ ಹುಳಕ್ಕೆ ಹೋಗುತ್ತದೆ. ಸಂಜೆಯದು ಮಾತ್ರ ಈ ಕೋಣೆಯಲ್ಲಿ ಏಳೆಂಟು ಗಂಟೆ ಕಾಯುತ್ತದೆ. ಶುಕ್ರವಾರದ ನಂತರ ಈ ಕೋಣೆಗೆ ಹೊಸದಾಗಿ ಬಂದದ್ದೇನು ಎಂದು ನೋಟ್‌ಬುಕ್ ತೆರೆದೆ. ಒಂದೇ ಸಾಲಿತ್ತು, ನನ್ನದೇ ಅಕ್ಷರದಲ್ಲಿ: ಕಂಬಳಿ, ಎರಡು.

ದೊಡ್ಡಮ್ಮ ಸೊಪ್ಪಿನ ರಾಶಿಯ ಗೋಣಿ ಎತ್ತಿ ನೋಡುತ್ತಿದ್ದಳು. ನಾನು ಕಂಬಳಿಯ ಅಂಚನ್ನು ಬೆರಳಿನಿಂದ ತಡವಿದೆ. ನಾಲ್ಕನೇ ಮೂಲೆಯಲ್ಲಿ, ಮಡಿಕೆಯ ಒಳಗೆ, ಹಳೆಯ ಬಟ್ಟೆಯ ಸಣ್ಣ ಗಂಟು ಸಿಕ್ಕಿತು. ಟ್ರಂಕಿಗೆ ಹಾಕುವ ಮೊದಲು ಅಮ್ಮ ಪ್ರತಿ ಕಂಬಳಿಗೂ ಹೀಗೆ ನುಸಿಗುಳಿಗೆ ಕಟ್ಟುತ್ತಾಳೆ. ಒಂದು ಗಂಟೆಯ ಬಿಸಿಲು ಅದನ್ನು ಏನೂ ಮಾಡಿರಲಿಲ್ಲ. ಬ್ಲೀಚಿಂಗ್ ಪುಡಿಯ ಘಾಟಿನಲ್ಲಿ ಅದರ ವಾಸನೆ ಯಾರಿಗೂ ಬೇರೆಯಾಗಿ ಹೊಡೆದಿರಲಿಲ್ಲ. ಮೂರೂಮುಕ್ಕಾಲು ಅಡಿ ಕೆಳಗೆ ಒದ್ದೆ ಸೊಪ್ಪು ಅದನ್ನು ದಿನವೂ ಕುಡಿಯುತ್ತಿತ್ತು.

ದೊಡ್ಡಮ್ಮ ಇನ್ನೂ ಬೆನ್ನು ಹಾಕಿಯೇ ಇದ್ದಳು. ಗಂಟು ನನ್ನ ಮುಷ್ಟಿಯೊಳಗೆ ಹಿಡಿಸುವಷ್ಟು ಚಿಕ್ಕದು. ಕಂಬಳಿ ಒಗೆಯಬೇಕೆಂದು ಹೇಳಿ ತೆಗೆದುಕೊಂಡು ಹೋಗಿಬಿಟ್ಟರೆ ಹುಳ ಸುಧಾರಿಸುತ್ತವೆ, ಕಾರಣ ಯಾರಿಗೂ ತಿಳಿಯುವುದಿಲ್ಲ. ಆದರೆ ಆ ಸಂಜೆ ನಾಲ್ಕು ಜನ ಬರುವವರಿದ್ದರು, ಮಾವನನ್ನು ಕೂರಿಸಿಕೊಂಡು ಕೇಳಲು.

"ದೊಡ್ಡವ್ವ," ಎಂದು ಕೈ ಚಾಚಿ ತೆರೆದೆ.

ಅವಳು ಅದನ್ನು ಮುಟ್ಟಲಿಲ್ಲ. ಬಗ್ಗಿ ಮೂಸಿದಳು. "ಹುಳ ಸಾಕೋರ್ ಮನೇಲಿ ಹುಟ್ಟಿ," ಎಂದಳು, "ನುಸಿ ಸಾಯ್ಸೋದ್ನ ತಂದು ಹುಳದ ಅನ್ನದ ಮ್ಯಾಲೆ ನೇತಾಕಿದ್ದೀಯಲ್ಲೇ." ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಹೋಗು. ಮಿಂದು, ಬಟ್ಟೆ ಬದ್ಲಾಯಿಸ್ಕೊಂಡ್ ಬಾ. ಈ ಸೊಪ್ಪಷ್ಟೂ ಆಚೆ ಹಾಕ್ಬೇಕು."

ಆ ಸಂಜೆಯಿಂದ ನಾವು ಮೂವರೂ ಹೊತ್ತು ಹೊತ್ತಿಗೆ ತೋಟದಿಂದ ನೇರ ಸೊಪ್ಪು ಹೊತ್ತೆವು. ಕೋಣೆ ತೊಳೆದೆವು. ಅರವತ್ತು ತಟ್ಟೆಗಳಲ್ಲಿ ಎಂಟು ತಟ್ಟೆಯಷ್ಟು ಹುಳ ಗುಂಡಿಗೆ ಹೋದವು. ಅವನ್ನು ಆರಿಸಿ ಹಾಕುವ ಕೆಲಸ ದೊಡ್ಡಮ್ಮ ನನಗೇ ಕೊಟ್ಟಳು. ಉಳಿದವು ಒಂದು ದಿನ ತಡವಾಗಿ ಹಣ್ಣಾಗಿ ಗೂಡು ಕಟ್ಟಿದವು. ದೊಡ್ಡಪ್ಪ ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಬಂದವರು ತೆಂಗಿನ ಸಸಿಯ ಮಾತೆತ್ತಲಿಲ್ಲ. ಮುಂದಿನ ಬೆಳೆಗೆ ಮರಿಹುಳ ಬೇಕೆಂದು ಹೇಳಿ ಬಂದಿದ್ದರು.

ಕರೆಸಿದ್ದ ನಾಲ್ಕು ಜನರಿಗೆ ದೊಡ್ಡಮ್ಮ ಕಾಫಿ ಕೊಟ್ಟು ಕಳಿಸಿದ್ದಳು. ಮಾರನೆಯ ದಿನ ನನ್ನನ್ನೂ ಎಳೆದುಕೊಂಡು ಬದುವಿಗೆ ಹೋದಳು.

"ಬಾರ್ಲಾ ಇಲ್ಲಿ. ನೀನು ಮಾಡಿದ್ದಲ್ಲ."

"ಅವತ್ತೇ ಅಂದ್ನಲ್ಲಕ್ಕ. ಈಗ ಯಾರ್ ಹೇಳುದ್ರು?"

"ಇವ್ಳ ಫೋನು."

"ಆಹಾ! ನನ್ ಮಾತ್ ನಂಬಕ್ಕಾಗ್ನಿಲ್ಲ, ಫೋನ್ ಮಾತ್ ನಂಬ್‌ಬುಟ್ಟಾ," ಎಂದು ಮಾವ ನಕ್ಕರು. ನಗು ಪೂರ್ತಿ ನಗುವಾಗಿರಲಿಲ್ಲ. ನನ್ನ ಕಡೆ ತಿರುಗಿ, "ಈಗ್ಲೂ ಹಿಡೀತಾ ಐತೇನವ್ವ ಅದು?" ಎಂದು ಕೇಳಿದರು. ನಾನು ಫೋನ್ ತೆಗೆದು ಕಪ್ಪು ಪರದೆ ತೋರಿಸಿದೆ. ಆದರೂ ಅದು ಬ್ಯಾಗಿನೊಳಗೆ ಹೋಗುವವರೆಗೆ ಅವರು ಬೇರೆ ಮಾತಾಡಲಿಲ್ಲ.

ಉಳಿದ ಏಳು ಕಂತುಗಳ ಗತಿ ಏನೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಮುಂದಿನ ಬೆಳೆಯ ಹುಳ ಎರಡನೇ ಜ್ವರ ಎದ್ದ ದಿನ ದೊಡ್ಡಮ್ಮನೇ ಹೇಳಿ ಕಳಿಸಿದಳು. ಹೋದೆ. ಬಾಗಿಲಲ್ಲೇ ತಡೆದಳು. ನನ್ನ ತಲೆಗೂದಲು ಮೂಸಿದಳು, ಎರಡೂ ತೋಳು ಮೂಸಿದಳು, ನೋಟ್‌ಬುಕ್ಕಿನ ಹಾಳೆ ಫರಫರನೆ ತಿರುವಿ ಮೂಸಿದಳು. ಮೈಕಿನ ತಲೆಯ ಮೇಲಿದ್ದ ಸ್ಪಂಜಿನ ಟೋಪಿಯನ್ನು ಕಿತ್ತು ಹೊರಗಿನ ಕಲ್ಲಿನ ಮೇಲೆ ಇಟ್ಟಳು.

"ಅದಿಲ್ಲದಿದ್ದರೆ ಉಸಿರೆಲ್ಲ ಕೇಳುತ್ತೆ ದೊಡ್ಡವ್ವ," ಎಂದೆ.

"ಕೇಳ್ಲಿ ಬುಡು," ಎಂದು ಬ್ಲೀಚಿಂಗ್ ಪುಡಿಯ ಗೋಣಿಯನ್ನು ಕಾಲಿನಿಂದ ನನ್ನತ್ತ ನೂಕಿದಳು. "ಸರ್ಯಾಗಿ ತುಳಿ. ಎರಡೂ ಕಾಲು."