ಗಿಳಿ ಕವರಿನ ಕ್ಯಾಬಿನೆಟ್ಟು

ನಿನ್ನೆ ಹೊಸ ಕಂಪ್ಯೂಟರ್ ಕ್ಯಾಬಿನೆಟ್ಟಿನ ಮುಂದೆ ಊದಿನಕಡ್ಡಿ ಹಚ್ಚಿಕೊಂಡು ಕೂತಿದ್ದೆ. ಹೊಗೆ ಮುಂದಿನ ಜಾಲರಿಯಲ್ಲಿ ಒಳಹೋಗಿ ಹಿಂದಿನ ಫ್ಯಾನಿನಿಂದ ಹೊರಬಂದರೆ ಗಾಳಿ ಸರಿಯಾಗಿ ಆಡುತ್ತಿದೆ ಎಂದರ್ಥ. ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಏನೂ ಕೇಳದೆ ಕೈಮುಗಿದು, ಒಂದು ದಾಸವಾಳ ತಂದು ಅದರ ನೆತ್ತಿಯ ಮೇಲಿಟ್ಟು ಹೋದಳು. ಮೇಲಿನ ಗಾಳಿಕಿಂಡಿ ಅರ್ಧ ಮುಚ್ಚಿತು. ತೆಗೆಯಲು ಕೈ ಬರಲಿಲ್ಲ. ನಮ್ಮ ಮನೆತನದಲ್ಲಿ ಯಾರಿಗೂ ಬಂದಿಲ್ಲ, ಕೇಳಿ.

ಈ ಊದಿನಕಡ್ಡಿ ವಿದ್ಯೆ ಜಗಳೂರಿನ ನನ್ನ ಚಿಕ್ಕಪ್ಪನದು. ನಾನು ಅಲ್ಲಿ ಕೆಲಸಕ್ಕಿದ್ದಾಗ ಅವರ ಮನೆಯಲ್ಲೇ ಇದ್ದೆ. ಮುಂದಿನ ಕೋಣೆಯಲ್ಲಿ ಕೂತು ಅವರು ಫ್ಲೆಕ್ಸ್ ಬ್ಯಾನರ್ ಡಿಸೈನ್ ಮಾಡುತ್ತಿದ್ದರು. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ ಎಲ್ಲಕ್ಕೂ ಒಂದೇ ಗುಲಾಬಿ. ಮೊದಲು ಆ ಕೋಣೆಯಲ್ಲಿ ಚಿಕ್ಕಮ್ಮನ ಹೊಲಿಗೆ ಮಿಷೀನಿತ್ತು. ಕಂಪ್ಯೂಟರ್ ಬಂದ ದಿನ ಅದು ಪಡಸಾಲೆಯ ಮೂಲೆಗೆ ಹೋಯಿತು, ಚಿಕ್ಕಮ್ಮ ಗಂಡನ ಜೊತೆ ಮಾತು ಬಿಟ್ಟರು. "ನಿಮ್ಮ ಚಿಕ್ಕಪ್ಪಗೆ ಉಣ್ಣಾಕೆ ಬರಾಕೆ ಹೇಳು" ಎಂದು ನನ್ನ ಕೈಲಿ ಹೇಳಿಸುತ್ತಿದ್ದರು. ನಾನಿಲ್ಲದಾಗ ಗೋಡೆಗೆ ಹೇಳುತ್ತಿದ್ದರಂತೆ.

ಹೀಗೇ ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಕಂಪ್ಯೂಟರಿನ ಡಬ್ಬಿ ಕವರು ಹೊದ್ದು ನಿಂತಿತ್ತು! ಟೀವಿ, ಫ್ರಿಜ್ಜು, ಮಿಕ್ಸಿ ಎಲ್ಲಕ್ಕೂ ಕವರು ಹೊಲಿದಿದ್ದ ಚಿಕ್ಕಮ್ಮ ಇದೊಂದನ್ನೇ ಬರಿಮೈಯಲ್ಲಿ ಬಿಟ್ಟಿದ್ದರು. ಈಗ ನೋಡಿ, ದಪ್ಪ ಮಖಮಲ್ಲು, ಸುತ್ತ ನೆರಿಗೆ, ಎದುರಿಗೆ ಕಸೂತಿಯ ಎರಡು ಗಿಳಿ. "ರೀ, ಚಾ ಆರ್ತೈತೆ" ಎಂದು ನೇರವಾಗಿ ಕರೆದೂ ಬಿಟ್ಟರು. ಸಂತೋಷ ತಡೆಯಲಾರದೆ ಚಿಕ್ಕಪ್ಪ ಅಂದು ಎರಡು ಸಲ ಸ್ನಾನ ಮಾಡಿದರು.

ತೊಂದರೆಯಾದದ್ದು ಕಂಪ್ಯೂಟರಿಗೆ. ಜಗಳೂರಿನ ಬೇಸಿಗೆಯಲ್ಲಿ ಮಖಮಲ್ಲು ಹೊದ್ದು ಅದು ಉಸಿರುಗಟ್ಟಿ ಮತ್ತೆ ಮತ್ತೆ ಆರಿಹೋಗತೊಡಗಿತು. ಶ್ರದ್ಧಾಂಜಲಿ ಬ್ಯಾನರಿನಲ್ಲಿ ತೀರಿಕೊಂಡವರ ಒಂದು ಕಡೆಯ ಮೀಸೆ ಕಪ್ಪು ಮಾಡುವಷ್ಟರಲ್ಲಿ ಪರದೆ ಕತ್ತಲಾಗುತ್ತಿತ್ತು.

"ಕವರು ತೆಗೆದಿಟ್ಟರೆ ಆಯ್ತಲ್ಲ, ಚಿಕ್ಕಪ್ಪ."

"ಬೇಕಾದ್ರೆ ಡಬ್ಬಿ ಬದ್ಲು ಮಾಡಾಣ. ಕವರು ಮುಟ್ಟಬ್ಯಾಡ. ಈಗಷ್ಟೇ ಮಾತಾಡಾಕೆ ಶುರು ಮಾಡ್ಯಾಳೆ."

ಕವರನ್ನು ಡ್ರೈವಾಶಿಗೆ ಕೊಡುತ್ತೇವೆಂದು ಸುಳ್ಳು ಹೇಳಿ, ಚೀಲಕ್ಕೆ ತುರುಕಿಕೊಂಡು ಇಬ್ಬರೂ ದಾವಣಗೆರೆ ಬಸ್ಸು ಹತ್ತಿದೆವು. ಅಂಗಡಿಯ ಮಾಲೀಕರು ಬಣ್ಣದ ಲೈಟುಗಳ ಗುಣಗಾನ ಶುರುಮಾಡುವ ಮೊದಲೇ ಚಿಕ್ಕಪ್ಪ ಅಂಗಿಯ ತೋಳು ಮಡಚಿದರು. ಕುರಿ ಸಾಕಿದ ಮನೆಯವರು, ಹೊಟ್ಟೆಯಲ್ಲಿ ಅಡ್ಡಲಾದ ಮರಿಯನ್ನು ಕೈಹಾಕಿ ಎಳೆದು ಅಭ್ಯಾಸ. ಒಂದೊಂದು ಡಬ್ಬಿಯೊಳಗೂ ಮೊಣಕೈತನಕ ಕೈ ಇಳಿಸಿ, ಕಣ್ಣುಮುಚ್ಚಿ ತಡಕಿದರು. ಒಂದರ ಅಂಚು ಬೆರಳು ಕೊಯ್ದಿತು, ಅದು ಫೇಲು. ಇನ್ನೊಂದರಲ್ಲಿ ಕೈಗಡಿಯಾರ ಸಿಕ್ಕಿಕೊಂಡು, ಮಾಲೀಕರು ಡಬ್ಬಿಯನ್ನೂ ನಾನು ಚಿಕ್ಕಪ್ಪನನ್ನೂ ಹಿಡಿದು ಎಳೆಯಬೇಕಾಯಿತು.

"ಕೈ ಒಳಗೆ ಹೋದ್ರೆ ಸಾಲ್ದು, ಹೊರಗೆ ಬರಾಕೂ ಬೇಕು. ನಾಳೆ ಇದನ್ನ ಜೋಡಿಸೋನು ಇವನು" ಎಂದು ನನ್ನತ್ತ ಬೆರಳು ತೋರಿಸಿದರು. ನಾನು ಜೋಡಿಸಿದ ಕಂಪ್ಯೂಟರುಗಳಲ್ಲಿ ಸ್ಕ್ರೂ ಯಾವಾಗಲೂ ಮಿಗುತ್ತಿತ್ತು.

ಆಮೇಲೆ ಕವರು ಹೊರಬಂತು.

"ಯಜಮಾನ್ರೇ, ಕಂಪ್ಯೂಟರಿಗೆ ಯಾಕ್ರೀ ಲಂಗ?" ಮಾಲೀಕರು ಬೆರಗಾದರು.

"ಮನೇಲಿ ಹಿಂಗೇ ಇರೋದು. ಇಲ್ಲಿ ಬರಿಮೈಯಲ್ಲಿ ಪಾಸಾದ್ರೆ ಏನು ಬಂತು?"

ಡಬ್ಬಿಗಳ ಫ್ಯಾನು ತಿರುಗಿಸಿ, ಒಂದೊಂದಕ್ಕೂ ಕವರು ತೊಡಿಸಿ ನಾನು ಊದಿನಕಡ್ಡಿ ಹಿಡಿದೆ. ಹೊಗೆಯೆಲ್ಲ ನನ್ನ ಮುಖಕ್ಕೇ ಬಂತು. ಒಳಗೆ ಬಂದ ಗಿರಾಕಿಯೊಬ್ಬರು ಮತ್ತೆ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದರು. ಕೊನೆಗೆ ಎತ್ತರದ ಕಾಲಿನ ಡಬ್ಬಿಯೊಂದರಲ್ಲಿ ಹೊಗೆ ನೆರಿಗೆಯ ಅಡಿಯಿಂದ ನುಸುಳಿ ಆಚೆ ಬದಿಯಲ್ಲಿ ಎಳೆಯಾಗಿ ಹೊರಬಿತ್ತು. "ಬಂತು! ಬಂತು!" ಎಂದು ಚಿಕ್ಕಪ್ಪ ಕೂಗಿದ ಕೂಗಿಗೆ ನನ್ನ ಕೈ ಬೆಚ್ಚಿ, ಕಡ್ಡಿಯ ಕೆಂಡ ಬಲಗಡೆ ಗಿಳಿಯ ಕಣ್ಣಿಗೆ ತಗುಲಿತು. ತೂತು.

"ಇನ್ನು ಗೋಡೆಗೇ ಹೇಳ್ತಾಳೆ" ಎಂದರು ಚಿಕ್ಕಪ್ಪ, ಬಸ್ಸಿನಲ್ಲಿ, ಅಷ್ಟೇ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಚಿಕ್ಕಮ್ಮ ಕವರನ್ನು ಕೈಗೆ ತೆಗೆದುಕೊಂಡು ಮೂಸಿದರು, ತಿರುಗಿಸಿ ನೋಡಿದರು, ಅದನ್ನು ಹಿಡಿದುಕೊಂಡೇ ಒಳಗೆ ಹೋದರು. ಮಾರನೆಯ ದಿನ ನಾನು ಜೋಡಿಸಿ ಮುಗಿಸುವಷ್ಟರಲ್ಲಿ ಕವರು ಸಿದ್ಧವಾಗಿತ್ತು, ಚಿಕ್ಕಮ್ಮ ತಾವೇ ಅದನ್ನು ತೊಡಿಸಿದರು. ಗಿಳಿಗೆ ದೊಡ್ಡದೊಂದು ಕೆಂಪು ಮಣಿಯ ಕಣ್ಣು ಬಂದು, ಅಂದಿನಿಂದ ಅದು ಸದಾ ಬೆಚ್ಚಿಬಿದ್ದಂತೆ ಕಾಣುತ್ತಿತ್ತು. ಚಿಕ್ಕಮ್ಮ ಮಾತು ಬಿಡಲಿಲ್ಲ. ಕಂಪ್ಯೂಟರೂ ಮತ್ತೆ ಆರಲಿಲ್ಲ. ಚಿಕ್ಕಪ್ಪನ ಖ್ಯಾತಿ ಎಷ್ಟು ಹಬ್ಬಿತೆಂದರೆ, ನ್ಯಾಮತಿಯ ಬೀಗರು ಫ್ರಿಜ್ಜು ಕೊಳ್ಳುವಾಗಲೂ ಅವರನ್ನು ಕರೆಸಿಕೊಂಡರು. ಫ್ರಿಜ್ಜಿಗೂ ಊದಿನಕಡ್ಡಿ ಹಿಡಿದು ಬಂದರು.

ನಿನ್ನೆ ಹೊಗೆ ಆರುವ ಮೊದಲೇ ಚಿಕ್ಕಮ್ಮನ ಫೋನು. "ಹೊಸ ಡಬ್ಬಿ ತಗೊಂಡಿಯಂತೆ. ಅಳತೆ ಹೇಳು."

"ಕವರು ಬೇಡ ಚಿಕ್ಕಮ್ಮ, ಗಾಳಿ..."

"ಗೊತ್ತೈತೆ ಬಿಡಪ್ಪ, ಹಿಂದ್ಲ ಕಡೆ ಬಟ್ಟೆ ಇಡಲ್ಲ. ಅವತ್ತು ಕವರಿಗೆ ಊದಿನಕಡ್ಡಿ ವಾಸನೆ ಬಂದಾಗ್ಲೇ ನಿಮ್ಮಿಬ್ಬರ ಡ್ರೈವಾಶು ತಿಳೀತು. ಹಿಂದಿನ ಬಟ್ಟೆ ಪೂರಾ ಕತ್ತರಿಸಿ ತೆಗೆದೆ. ಗೋಡೆ ಕಡೆ ಯಾರು ನೋಡ್ತಾರೆ?"

"ಚಿಕ್ಕಪ್ಪಗೆ ಗೊತ್ತಾ?"

ಚಿಕ್ಕಮ್ಮ ದನಿ ತಗ್ಗಿಸಿದರು. "ಹೇಳಬ್ಯಾಡ. ಒಳ್ಳೆ ಡಬ್ಬಿ ಆರಿಸಿದೆ ಅಂತ ಇವತ್ತಿಗೂ ಉಬ್ಬಿಕೊಂಡು ಓಡಾಡ್ತಾರೆ."

ಫೋನಿಟ್ಟು ಟೇಪು ಹುಡುಕಿದೆ. ಉದ್ದ, ಅಗಲ ಹಿಡಿದೆ. ಎತ್ತರ ಅಳೆಯುವಾಗ ನೆತ್ತಿಯ ಮೇಲಿದ್ದ ದಾಸವಾಳವನ್ನೂ ಸೇರಿಸಿಕೊಂಡೆ.