ಸಾಲಿನ ತಳ ಕಾಣಿಸಿದ ದಾನಮ್ಮ

2024ರ ಜುಲೈ 13, ಶನಿವಾರ, ಬೆಳಿಗ್ಗೆ 6 ಗಂಟೆ 10 ನಿಮಿಷ. ಮಾರೇನಹಳ್ಳಿಯ ಹಾಲಿನ ಬೂತಿನ ಪಕ್ಕದ ಡಿಟಿಪಿ ಅಂಗಡಿಯ ಷಟರ್ ಇನ್ನೂ ಅರ್ಧವೇ ಎದ್ದಿದೆ. ಒಳಗೆ ದಾನಮ್ಮ ಒಂದು ಲ್ಯಾಪ್‌ಟಾಪ್ ಮುಂದೆ ಮಡಿಲಲ್ಲಿ ಕೈಯಿಟ್ಟು ಕೂತಿದ್ದಾರೆ. ಮೊದಲ ಐದು ನಿಮಿಷ ಯಾವ ಕೀಲಿಯನ್ನೂ ಮುಟ್ಟುವುದಿಲ್ಲ, ಬರೀ ನೋಡುತ್ತಾರೆ.

ಲ್ಯಾಪ್‌ಟಾಪ್ ಅತ್ತಿಗುಪ್ಪೆಯ ನಿವೃತ್ತ ಮೇಷ್ಟ್ರು ಮುನಿರಾಮಯ್ಯನವರದು. ಈ ಭಾಗದಲ್ಲಿ ಮುಚ್ಚಿಹೋದ 212 ಬಾವಿಗಳ ವಿವರವನ್ನು ಒಂಬತ್ತು ವರ್ಷ ಮನೆಮನೆ ತಿರುಗಿ ಬರೆದುಕೊಂಡವರು ಅವರು. ಟೈಪ್ ಮುಗಿದ ದಿನವೇ ಚೀಟಿಗಳನ್ನೆಲ್ಲ ರದ್ದಿಗೆ ಹಾಕಿಬಿಟ್ಟರು. ನಿನ್ನೆ ಎಡಿಟರ್ ಎಂಬ ಬರಹದ ತಂತ್ರಾಂಶ ತೆರೆದರೆ ಪ್ರತಿ ಸಾಲಿನ ಬುಡವೂ ಕತ್ತರಿಸಿದ ಹಾಗೆ ಮಾಯ. ಒಂದು ಒತ್ತಕ್ಷರವೂ ಇಲ್ಲ. ಫೈಲ್ ಕೆಟ್ಟಿದೆ, ಹೊಸದಾಗಿ ಟೈಪ್ ಮಾಡಿಸಿ ಎಂದು ಎರಡು ಅಂಗಡಿಯವರು ಕೈಚೆಲ್ಲಿದ್ದಾರೆ.

"ಎಲ್ಲಾ ಹೋಯ್ತೇನಮ್ಮಾ? ಹೇಳ್ದೋರಲ್ಲಿ ಅರ್ಧ ಜನ ಈಗಿಲ್ಲ. ಇನ್ಯಾರ್ನ ಕೇಳ್ಲಿ ನಾನು?" ಪಕ್ಕದಲ್ಲೇ ನಿಂತ ಮೇಷ್ಟ್ರು ಪರದೆಯತ್ತ ಬಾಗುತ್ತಾರೆ.

"ತಡೀರಿ ಅಜ್ಜಾರ. ಕಾಣವಲ್ದು ಅಂದ್ರ ಇಲ್ಲ ಅಂತಲ್ರೀ," ಎನ್ನುತ್ತಾರೆ ದಾನಮ್ಮ.

ಯಲಬುರ್ಗಾ ಕಡೆಯ ಹಳ್ಳಿಯಿಂದ ಬಂದ ದಾನಮ್ಮ ಓದಿದ್ದು ಹತ್ತನೆಯ ತರಗತಿ. ಗಾರ್ಮೆಂಟ್ಸ್‌ನಲ್ಲಿ ಆರು ವರ್ಷ ಅಂಗಿ ಮಡಚಿದರು. ಅಲ್ಲಿಂದ ನೇರ ಟೈಪಿಂಗ್ ಕ್ಲಾಸಿಗೆ ಹೋಗಿ, ತೂಕಡಿಸುತ್ತಲೇ ಕಲಿತರು. ಈ ಕುರ್ಚಿಗೆ ಬಂದು ಹನ್ನೊಂದು ವರ್ಷ. ದಿನಕ್ಕೆ ನಲವತ್ತು ಪುಟ ಟೈಪಿಂಗ್. ನಡುನಡುವೆ ಇಂಥ ಮೂರೋ ನಾಲ್ಕೋ ರೋಗಿ ಫೈಲುಗಳು. ಕನ್ನಡಕದ ನಂಬರ್ ಮೂರು ಸಲ ಬದಲಾಗಿದೆ.

ಅವರ ಕ್ರಮ ಪ್ರಯೋಗಶಾಲೆಯ ಶಿಸ್ತಿನದು. ಮೊದಲು ಫೈಲಿನ ನಕಲು. ಅಸಲನ್ನು ಮುಟ್ಟುವಂತಿಲ್ಲ. ಆಮೇಲೆ ನಕಲಿನ ಕೊನೆಯಲ್ಲಿ ಒಂದೇ ಪದ: ಹೊನ್ನವ್ವ. ಓದು ಬಾರದ ತಮ್ಮ ತಾಯಿಯ ಹೆಸರು.

"ಅವ್ವನ ಹೆಸರಾಗ ಎರಡು ಒತ್ತು ಅದಾವ್ರೀ. ಯಾವ ಕಂಪ್ಯೂಟರ್ ಬಂದ್ರೂ ಮೊದಲ ಅಕೀನ್ನ ಕರೀತೀನಿ."

ಈಗಷ್ಟೇ ಟೈಪ್ ಮಾಡಿದ ಆ ಹೆಸರಿನ ಒತ್ತುಗಳೂ ಕಾಣುವುದಿಲ್ಲ. ದಾನಮ್ಮ ಮೊದಲ ಬಾರಿ ನಗುತ್ತಾರೆ. ಹೊಸ ಪದಕ್ಕೂ ಅದೇ ಗತಿಯಾದರೆ ತಪ್ಪು ಹಳೆಯ ಬರಹದ್ದಲ್ಲ, ತೋರಿಸುವ ಪರದೆಯದ್ದು. ಸಾಕ್ಷಿಗೆ ಒಂದು ಪುಟವನ್ನು ಬೇರೊಂದು ಎಡಿಟರ್‌ಗೆ ಹಾಕುತ್ತಾರೆ. ಎಲ್ಲವೂ ಇದೆ: ಕಲ್ಲು ಕಟ್ಟಿದ ಬಾವಿ, ಮೆಟ್ಟಿಲ ಬಾವಿ, ಹಗ್ಗ ಉಜ್ಜಿ ಸವೆದ ಕಟ್ಟೆ. ಮುನಿರಾಮಯ್ಯ ಕುರ್ಚಿಯ ಬೆನ್ನು ಹಿಡಿದುಕೊಳ್ಳುತ್ತಾರೆ.

ಇನ್ನು ಕಾರಣ. ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಅಳತೆ 20, ಸಾಲಿನ ಎತ್ತರವೂ 20. ಅಷ್ಟು ಗಿಡ್ಡ ಸಾಲಿನಲ್ಲಿ ಹಿಡಿಸದ ಒತ್ತುಗಳನ್ನು ಪರದೆ ಕತ್ತರಿಸಿಬಿಟ್ಟಿದೆ. ಬೆಳಿಗ್ಗೆ ಸ್ಕೂಟರ್‌ನಲ್ಲಿ ಅಜ್ಜನನ್ನು ಕರೆತಂದ ಮೊಮ್ಮಗಳು ರಕ್ಷಾ ನಾಲಿಗೆ ಕಚ್ಚಿಕೊಳ್ಳುತ್ತಾಳೆ.

"ನಾನೇ ಮಾಡಿದ್ದು ತಾತ. ಒಂದೇ ಸ್ಕ್ರೀನಲ್ಲಿ ಜಾಸ್ತಿ ಲೈನ್ ಬಂದ್ರೆ ನಿಂಗೆ ಸ್ಕ್ರೋಲ್ ಮಾಡೋದು ತಪ್ಪುತ್ತೆ ಅಂತ..."

"ನಿನ್ನ ಉಪಕಾರದಲ್ಲಿ ನನ್ನ ಜೀವ ಹೋಗಿತ್ತಲ್ಲೇ!"

ದಾನಮ್ಮ ಎತ್ತರವನ್ನು ಎರಡೆರಡಾಗಿ ಏರಿಸುತ್ತಾರೆ. ಪ್ರತಿ ಸಲವೂ ನೋಡುವುದು ಅವ್ವನ ಹೆಸರನ್ನೇ. ನೀರು ಇಳಿದ ಬಾವಿಯಲ್ಲಿ ತಳದ ಕಲ್ಲು ಮೂಡುವಂತೆ ಒತ್ತುಗಳು ಒಂದೊಂದಾಗಿ ಮೂಡುತ್ತವೆ.

ಪುಸ್ತಕದಲ್ಲಿ ನಿಮ್ಮ ಹೆಸರು ಹಾಕಿಸುತ್ತೇನೆ ಎನ್ನುತ್ತಾರೆ ಮೇಷ್ಟ್ರು.

"ಹೆಸರು ಬ್ಯಾಡ್ರೀ ಅಜ್ಜಾರ. ಸಾಲಿನ ನಡುವ ಜಾಗ ಬಿಡಸ್ರಿ, ಸಾಕು."

ಆಮೇಲೆ ಅವ್ವನ ಹೆಸರನ್ನು ಅಳಿಸಿ, ಇಂಥ ರಿಪೇರಿಗಳನ್ನು ಗುರುತು ಹಾಕಿಡುವ ನೋಟ್‌ಬುಕ್ ತೆರೆದು ಬರೆದುಕೊಳ್ಳುತ್ತಾರೆ: ಬಾವಿ ಅಜ್ಜಾರು. ಅಕ್ಷರ 20, ಸಾಲಿನ ಎತ್ತರ 36.